ಜೀರ್ಣೋದ್ಧಾರಕ್ಕೆ ಮೊದಲು ಅಳತೆ



ಚಿತ್ರದುರ್ಗದ ಪಾಳೆಯಗಾರ ಭರಮಣ್ಣನಾಯಕನು ಮುನ್ನೂರು ವರ್ಷಗಳ ಹಿಂದೆ ಕಟ್ಟಿಸಿದ ಕೆರೆಯಿಂದ ಭರಮಸಾಗರಕ್ಕೆ ಆ ಹೆಸರು ಬಂದಿತು. ಮಳೆಯ ಅಭಾವದಿಂದ ಬರಿದಾಗಿದ್ದ ಆ ಕೆರೆಗೆ ೨೦೨೧ರಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು ಹರಿದುಬಂದಿತು. ಅದಕ್ಕಾಗಿ ಹೊಸ ಕೆರೆಯನ್ನು ತೋಡಬೇಕಾಗಲಿಲ್ಲ. ಪೂರ್ವಿಕರ ಕೆರೆಯೇ ಹೊಸ ನೀರಿಗೆ ನೆಲೆಯಾಯಿತು. ಪುರಾತನ ಕಟ್ಟಡಗಳ ವಿಷಯದಲ್ಲಿಯೂ ವಿವೇಕದ ಮಾರ್ಗ ಇದೇ ಆಗಿದೆ.

ಜೈನ ಸಮಾಜಕ್ಕೆ ಇದು ಹೊಸ ವಿಚಾರವೇನಲ್ಲ. ಬಸದಿಗಳ ದಾನಶಾಸನಗಳಲ್ಲಿ ಪೂಜೆ, ಆಹಾರದಾನಗಳ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪದೇ ಪದೇ ಬರುತ್ತದೆ. ಮುರಿದುದನ್ನೂ ಬಿರಿದುದನ್ನೂ ಸರಿಪಡಿಸಲೆಂದು ದಾನಿಗಳು ಭೂಮಿಯ ಹುಟ್ಟುವಳಿಯನ್ನು ಮೀಸಲಿಟ್ಟರು. ಕೆಡವಿ ಕಟ್ಟುವುದಕ್ಕಲ್ಲ, ಇದ್ದುದನ್ನು ಉಳಿಸುವುದಕ್ಕೆ.

ಈಚಿನ ದಿನಗಳಲ್ಲಿಯಾದರೋ ಕೆಲವೆಡೆ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಹಾಸುಗಲ್ಲುಗಳು ಹೋಗಿ ಗ್ರಾನೈಟ್ ಬರುತ್ತದೆ. ಶಾಸನಗಳ ಮೇಲೆ ಬಣ್ಣ ಬೀಳುತ್ತದೆ. ಗಾರೆಯ ಗೋಡೆಗೆ ಸಿಮೆಂಟು ಬಳಿಯಲಾಗುತ್ತದೆ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಬಿಡುತ್ತದೆ; ಸಿಮೆಂಟು ಅದನ್ನು ಒಳಗೇ ತಡೆಹಿಡಿಯುತ್ತದೆ. ಹೀಗೆ ಭಕ್ತಿಯಿಂದ ಮಾಡಿದ ಕೆಲಸವೇ ಕಟ್ಟಡದ ಆಯುಷ್ಯವನ್ನು ತಗ್ಗಿಸುತ್ತದೆ. ದೋಷ ಭಕ್ತಿಯದಲ್ಲ, ಅವಸರದ್ದು.

ಜಾಣ ವರ್ತಕನು ಅಂಗಡಿಯ ವ್ಯವಸ್ಥೆಯನ್ನು ಬದಲಿಸುವ ಮುನ್ನ ದಾಸ್ತಾನಿನ ಲೆಕ್ಕ ತೆಗೆಯುತ್ತಾನೆ. ಕಟ್ಟಡಕ್ಕೂ ಅಂಥ ಲೆಕ್ಕ ಬೇಕು. ಅದಕ್ಕೀಗ ಗಣಕಯಂತ್ರದ ನೆರವು ದೊರೆತಿದೆ. ಲೇಸರ್ ಕಿರಣದ ಯಂತ್ರವನ್ನು ನವರಂಗದಲ್ಲಿ ನಿಲ್ಲಿಸಿದರೆ ಕಂಬ, ತೊಲೆ, ಛಾವಣಿಗಳ ಲಕ್ಷಾಂತರ ಬಿಂದುಗಳನ್ನು ಅದು ಅಳೆಯುತ್ತದೆ. ನಾನಾ ಕಡೆಗಳಿಂದ ಕ್ರಮವಾಗಿ ತೆಗೆದ ಛಾಯಾಚಿತ್ರಗಳನ್ನು ಹೊಂದಿಸಿಯೂ ಕಟ್ಟಡದ ಯಥಾರ್ಥ ಪ್ರತಿರೂಪವನ್ನು ರಚಿಸಬಹುದು. ಯಾವ ಕಂಬ ವಾಲಿದೆ, ಯಾವ ತೊಲೆ ಬಿರಿದಿದೆ ಎಂಬುದು ಅದರಲ್ಲಿ ತಿಳಿಯುತ್ತದೆ. ವಿದ್ಯುತ್ ತಂತಿ ಎಲ್ಲಿ ಹಾಯಬೇಕು, ಮಳೆನೀರು ಎತ್ತ ಹರಿಯಬೇಕು, ಸ್ವಾಧ್ಯಾಯಕ್ಕೆ ಯಾವ ಪಡಸಾಲೆ ಒದಗೀತು ಎಂಬುದನ್ನೆಲ್ಲ ಮೊದಲು ಅಲ್ಲಿಯೇ ಪರೀಕ್ಷಿಸಬಹುದು. ಅಲ್ಲಿಯ ತಪ್ಪನ್ನು ಅಳಿಸಬಹುದು. ಕಲ್ಲಿನ ಮೇಲೆ ಬಿದ್ದ ಉಳಿಯ ಏಟನ್ನು ಅಳಿಸಲಾಗದು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಇಂಥ ದಾಖಲೆಯ ಕಾರ್ಯಕ್ಕೆ ಹಂಪೆಯನ್ನು ಆರಿಸಿಕೊಂಡಿತು.

ಹಳೆಯ ಕಟ್ಟಡ ಇಂದಿನ ಅಗತ್ಯಕ್ಕೆ ಒದಗದೆಂಬ ಸಂದೇಹವೂ ಬೇಡ. ಬೆಂಗಳೂರಿನಲ್ಲಿ ೧೮೬೮ರಲ್ಲಿ ಮುಗಿದ ಅಠಾರಾ ಕಚೇರಿ ಮೊದಲು ಸರ್ಕಾರದ ಇಲಾಖೆಗಳಿಗೂ ಅನಂತರ ಉಚ್ಚ ನ್ಯಾಯಾಲಯಕ್ಕೂ ನೆಲೆಯಾಯಿತು. ಅದನ್ನು ಕೆಡವುವ ಪ್ರಸ್ತಾಪವೂ ಒಮ್ಮೆ ಬಂದಿತ್ತು. ಜನರ ವಿರೋಧದಿಂದ ಕಟ್ಟಡ ಉಳಿಯಿತು. ಅದೇ ನಗರದ ಮಾಣಿಕ್ಯವೇಲು ಮಹಲಿನಲ್ಲಿ ೨೦೦೯ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಆರಂಭವಾಯಿತು. ದೇವಾಲಯಗಳ ಕ್ಷೇತ್ರದಲ್ಲಿ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ೧೯೯೧ರಿಂದ ನಾಡಿನ ಅನೇಕ ಶಿಥಿಲ ಗುಡಿಗಳನ್ನು ಅವುಗಳ ಮೂಲರೂಪದಲ್ಲಿಯೇ ಎತ್ತಿ ನಿಲ್ಲಿಸಿದೆ.

ದಾನಚಿಂತಾಮಣಿ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಓಲೆ ನಶಿಸಿದರೂ ಪ್ರತಿ ಉಳಿಯಲಿ ಎಂಬುದೇ ಶಾಸ್ತ್ರದಾನದ ಅಭಿಪ್ರಾಯ. ಕಟ್ಟಡದ ಅಳತೆಯೂ ಅಂಥದೇ ಒಂದು ಪ್ರತಿ. ಪ್ರತಿಯೊಂದು ಬಸದಿಯ ಸಮಿತಿಯವರೂ ಉಳಿ ಸುತ್ತಿಗೆಗಳನ್ನು ತರಿಸುವ ಮೊದಲು ಅಳತೆ ಮಾಡಿಸಲಿ. ಅದರ ಒಂದು ಪ್ರತಿಯನ್ನು ಶಾಸ್ತ್ರಭಂಡಾರದಲ್ಲಿಡಲಿ. ಸಂರಕ್ಷಿತ ಸ್ಮಾರಕವಾದಲ್ಲಿ ಪುರಾತತ್ತ್ವ ಇಲಾಖೆಯ ಅನುಮತಿ ಪಡೆಯಲಿ. ಹೊಸ ಕಲಶವನ್ನು ಏರಿಸುವ ಕೈಗಳು ಹಳೆಯ ಕಲ್ಲನ್ನೂ ಕಾಯಲಿ.

ಜೈ ಜಿನೇಂದ್ರ.