ಮಣೇಲಿಗೆ ಬಂದ ಪರದೇಶಿ



ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಕಂಬಗಳ ಕೆತ್ತನೆ ನೋಡುತ್ತ ತಲೆಯೆತ್ತಿಕೊಂಡೇ ಸುತ್ತು ಮುಗಿಸುತ್ತಾರೆ. ಮುಂದಿನ ಸಲ ಹೋದಾಗ ಭೈರಾದೇವಿ ಮಂಟಪದ ಹತ್ತಿರ ಸ್ವಲ್ಪ ಬಗ್ಗಿ ಅಡಿಗಟ್ಟನ್ನು ನೋಡಿ. ಅಲ್ಲೊಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಬಸದಿ ಕಟ್ಟಿದ್ದು 1430ರಲ್ಲಿ. ಕೆಲಸ ಮುಂದೆಯೂ ನಡೆಯಿತು. ಆಫ್ರಿಕದ ಪ್ರಾಣಿಯೊಂದು ತುಳುನಾಡಿನ ಕಲ್ಲುಕುಟಿಗನ ಉಳಿಗೆ ಸಿಕ್ಕಬೇಕಾದರೆ ಆ ಸುದ್ದಿ ಎಷ್ಟು ಹಡಗು ಹತ್ತಿಳಿದು, ಎಷ್ಟು ಬಾಯಿ ದಾಟಿ ಬಂದಿರಬೇಕು!

ಬೆನ್ನಿಗೆ ಚೀಲ ಏರಿಸಿಕೊಂಡು ಗೆಳೆಯರ ಜೊತೆ ಹೊರದೇಶ ಸುತ್ತಿ ಬರುವುದು ಈಗ ಬಂಟ್ವಾಳ, ಬೆಳ್ತಂಗಡಿ ಕಡೆಯ ಮಕ್ಕಳಿಗೂ ಹೊಸತಲ್ಲ. ರೈಲು ತಪ್ಪಿದ್ದು, ಸಾಮಾನು ಕಳೆದದ್ದು, ಭಾಷೆ ತಿಳಿಯದೆ ಪರದಾಡಿದ್ದು, ಎಲ್ಲವನ್ನೂ ಮನೆಗೆ ಬಂದ ಮೇಲೆ ಉತ್ಸಾಹದಿಂದ ಹೇಳುತ್ತಾರೆ. ನಾನಿಂದು ಹೇಳಹೊರಟಿರುವುದು ಇದೇ ನೆಲಕ್ಕೆ ಸಂಬಂಧಪಟ್ಟ ಹಳೆಯ ಪಯಣಿಗರ ಸಂಗತಿ. ಪ್ರವಾಸದ ಪುಸ್ತಕದ ಮೇಲೆ ಒಬ್ಬನ ಹೆಸರೇ ಇರುತ್ತದೆ. ಆದರೆ ಆ ದಾರಿಯನ್ನು ಅವನೊಬ್ಬನೇ ನಡೆದಿರುವುದಿಲ್ಲ.

ನಮ್ಮವನಿಂದಲೇ ಶುರುಮಾಡೋಣ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ನೆಲಸಿದ್ದ. ಅವನ ಬಳಿ ಬೊಮ್ಮ ಎಂಬ ಆಳಿದ್ದ. ಕಾಗದಪತ್ರದಲ್ಲಿ ಗುಲಾಮ ಎಂದಿದ್ದರೂ ಒಡೆಯನ ವ್ಯಾಪಾರವನ್ನು ನಂಬಿಕೆಯಿಂದ ನಡೆಸುತ್ತಿದ್ದವನು ಅವನು. 1135ರ ಹೊತ್ತಿಗೆ ಅವನು ಸರಕಿನೊಂದಿಗೆ ಏಡನ್ನಿಗೆ ಹೋದ. ಕುಡಿದು ಬಂದು ಇನ್ನಷ್ಟು ಹಣ ಕೊಡಿ ಎಂದು ಪೀಡಿಸಿದನೆಂದು ಅಲ್ಲಿನ ವರ್ತಕ ಮಂಗಳೂರಿಗೆ ದೂರು ಬರೆದ. ಕೈರೋದ ಸಿನಗಾಗ್ ಒಂದರಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಕಾಗದಗಳ ರಾಶಿಯಲ್ಲಿ ಆ ಪತ್ರ ಉಳಿದುಕೊಂಡಿತು. ಲೇಖಕ ಅಮಿತಾವ್ ಘೋಷ್ ಈ ಬೊಮ್ಮನ ಬೆನ್ನು ಹತ್ತಿ ಮಂಗಳೂರಿಗೆ ಬಂದರು. ಅವನು ತುಳುನಾಡಿನವನೆಂದು ಗುರುತಿಸಲು ಅವರಿಗೆ ನೆರವಾದವರು ಬಂಟ್ವಾಳ ತಾಲೂಕಿನ ಪುಣಚದವರಾದ ಪ್ರೊ. ಬಿ.ಎ. ವಿವೇಕ ರೈ. ಘೋಷರ ಪುಸ್ತಕ 1992ರಲ್ಲಿ ಬಂತು. ಕಡಲು ದಾಟಿದ ನಮ್ಮ ಸಾಮಾನ್ಯ ಮನುಷ್ಯನೊಬ್ಬನ ಗುರುತು ಹೀಗೆ ಒಂದು ದೂರಿನ ಪತ್ರದಿಂದ ಸಿಕ್ಕಿತು. ಅಷ್ಟಾದರೂ ಸಿಕ್ಕಿತಲ್ಲ ಎಂದು ನನಗೆ ಸಂತೋಷ.

ಆ ಕಾಲದ ಪ್ರಯಾಣದಲ್ಲಿ ಗಾಳಿಯದೇ ಯಜಮಾನಿಕೆ. ಮಳೆಗಾಲದಲ್ಲಿ ಅರಬ್ಬೀ ಕಡಲಿಗೆ ಹಡಗು ಇಳಿಯುವಂತಿರಲಿಲ್ಲ. ಹೊರಡುವ ಗಾಳಿ ತಪ್ಪಿತೆಂದರೆ ತಿಂಗಳುಗಟ್ಟಲೆ ಪರ ಊರಿನಲ್ಲಿ ಕೊಳೆಯಬೇಕು. ಹೆರಾತಿನ ಅರಸ ಶಾರುಖನ ರಾಯಭಾರಿ ಅಬ್ದುಲ್ ರಜಾಕನಿಗೆ ಆದದ್ದು ಇದೇ. 1442ರಲ್ಲಿ ಹೊರಟ ಅವನು ಸಕಾಲದಲ್ಲಿ ಕಡಲು ದಾಟಲಾಗದೆ ಒಮಾನಿನ ಕರಾವಳಿಯ ಉರಿಬಿಸಿಲಿಗೆ ಸಿಕ್ಕಿಬಿದ್ದ. ಜೊತೆಗೆ ಬಂದಿದ್ದ ಅಣ್ಣ ಅಲ್ಲಿಯೇ ತೀರಿಕೊಂಡ. ಮರುವರ್ಷ ಮಂಗಳೂರಿನಲ್ಲಿಳಿದು, ಘಟ್ಟ ಹತ್ತಿ, ಇಮ್ಮಡಿ ದೇವರಾಯನ ವಿಜಯನಗರಕ್ಕೆ ಹೋದ. ವಿಜಯನಗರದ ವೈಭವಕ್ಕೆ ಅವನ ಬರಹವನ್ನು ಎಲ್ಲರೂ ಉದಾಹರಿಸುತ್ತಾರೆ. ಅಣ್ಣನನ್ನು ಮಣ್ಣುಮಾಡಿ ಬಂದವನು ಅದನ್ನು ಬರೆದನೆಂದು ನೆನೆಯುವವರು ಕಡಿಮೆ.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಬಂಟ್ವಾಳ, ಬೆಳ್ತಂಗಡಿ, ಜಮಲಾಬಾದ್, ವೇಣೂರು, ಮೂಡುಬಿದಿರೆಗಳನ್ನು ಹಾದು ಹೋದ. ಬೆಳೆ, ಗೇಣಿ, ಪೇಟೆ, ಬಸದಿ, ಯಾವುದನ್ನೂ ಬಿಡದೆ ಬರೆದುಕೊಂಡ. ಉತ್ತರ ಕೊಡುವವರು ನಿಜ ಮುಚ್ಚಿಡುತ್ತಾರೆ ಎಂಬ ಅಸಮಾಧಾನ ಅವನ ಪುಸ್ತಕದಲ್ಲಿ ಆಗಾಗ ಇಣುಕುತ್ತದೆ. ಟಿಪ್ಪುವಿನ ಪತನವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಕಂಪನಿಯ ಅಧಿಕಾರಿ ದುಭಾಷಿಯೊಂದಿಗೆ ಅಂಗಳಕ್ಕೆ ಬಂದು ನಿನ್ನ ಗದ್ದೆಯಲ್ಲಿ ಎಷ್ಟು ಮುಡಿ ಅಕ್ಕಿ ಆಗುತ್ತದೆ ಎಂದು ಕೇಳಿದರೆ ಒಕ್ಕಲು ಹೇಗೆ ಬಾಯಿಬಿಟ್ಟಾನು? ತೆರಿಗೆ ಏರುವುದು ಅವನಿಗೆ ಗೊತ್ತಿಲ್ಲವೆ? ಬುಕಾನನ್ ಬಂದದ್ದು ಹುಕುಮಿನ ಮೇಲೆ. ನಾವು ಪ್ರವಾಸಿ ಎನ್ನುವ ಅರ್ಥದಲ್ಲಿ ಅವನು ಪ್ರವಾಸಿಯಲ್ಲ.

ಯಾರ ಹುಕುಮೂ ಇಲ್ಲದೆ, ಮಾರಲು ಸರಕೂ ಇಲ್ಲದೆ, ಬರೀ ಲೋಕ ನೋಡಲು ಬಂದವನು ರೋಮಿನ ಪಿಯೆತ್ರೊ ದೆಲ್ಲಾ ವಾಲೆ. ಹುಟ್ಟಿದ್ದು 1586ರಲ್ಲಿ. ಪ್ರೇಮದಲ್ಲಿ ಸೋತು ಪೂರ್ವದ ದಿಕ್ಕಿಗೆ ಹೊರಟ. ಬಾಗ್ದಾದಿನಲ್ಲಿ ಮಾನಿ ಎಂಬ ಹುಡುಗಿಯನ್ನು ಮದುವೆಯಾದ. ಆಕೆ ಅವನೊಡನೆ ಪರ್ಷಿಯವನ್ನೆಲ್ಲ ಸುತ್ತಿದಳು. ಭಾರತಕ್ಕೆ ಹೊರಡಬೇಕೆಂದು ಹೊರ್ಮುಜಿನ ಹತ್ತಿರ ಹಡಗಿಗೆ ಕಾಯುತ್ತಿದ್ದಾಗ ಅಲ್ಲಿ ಯುದ್ಧ ಹತ್ತಿಕೊಂಡಿತು, ದಾರಿ ಮುಚ್ಚಿತು. ಬಸುರಿಯಾಗಿದ್ದ ಮಾನಿ ಜ್ವರಕ್ಕೆ ಸಿಕ್ಕಿ 1621ರ ಕೊನೆಯಲ್ಲಿ ತೀರಿಕೊಂಡಳು. ಆಕೆಯನ್ನು ಪರನಾಡಿನ ಮಣ್ಣಿಗೆ ಬಿಟ್ಟುಬರಲು ಅವನ ಮನಸ್ಸು ಒಪ್ಪಲಿಲ್ಲ. ದೇಹಕ್ಕೆ ಕರ್ಪೂರ ತುಂಬಿಸಿ, ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಟ್ಟೆಬರೆ ಹೊದಿಸಿ ಜೊತೆಗೆ ತಂದ. ಹೆಣವಿದೆಯೆಂದು ತಿಳಿದರೆ ಯಾವ ಹಡಗಿನವರೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಜೊತೆಯಲ್ಲಿ ಜಾರ್ಜಿಯದ ಅನಾಥ ಹುಡುಗಿ ತಿನಾತಿನ್ ಕೂಡ ಇದ್ದಳು. ಮಾನಿಯ ಆಸರೆಯಲ್ಲಿ ಬೆಳೆದವಳು.

1623ರ ಅಕ್ಟೋಬರಿನಲ್ಲಿ ಅವನು ಗೋವೆಯಿಂದ ಹೊರಟು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೋಗುತ್ತಿದ್ದ ಪೋರ್ಚುಗೀಸ್ ರಾಯಭಾರದ ಗುಂಪನ್ನು ಸೇರಿಕೊಂಡ. ಗೇರುಸೊಪ್ಪೆಯ ಘಟ್ಟದಲ್ಲಿ ಹೊರೆಗಳು ಸಜ್ಜಾಗುವುದು ತಡವಾಯಿತು. ಗುಡಿಯ ಜಗಲಿಯಲ್ಲಿ ಕಾಯುತ್ತ ಕುಳಿತವನ ಕಣ್ಣಿಗೆ ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಲೆಕ್ಕ ಹೇಳುತ್ತಿದ್ದ ನಾಲ್ವರು ಹುಡುಗರು ಬಿದ್ದರು. ಮೇಷ್ಟ್ರಿಲ್ಲದೆ ಕಲಿಯುತ್ತೀರಲ್ಲ, ಮರೆತರೆ ಯಾರು ಹೇಳಿಕೊಡುತ್ತಾರೆ ಎಂದು ಕೇಳಿದ. ನಾಲ್ವರೂ ಒಟ್ಟಿಗೆ ಒಂದೇ ಪಾಠ ಮರೆಯುವುದುಂಟೆ ಎಂದರು ಹುಡುಗರು. ಹೊರೆ ತಡವಾಗದಿದ್ದರೆ ನಮ್ಮ ಮಕ್ಕಳ ಈ ಉತ್ತರ ಯಾವ ಪುಸ್ತಕಕ್ಕೂ ಸೇರುತ್ತಿರಲಿಲ್ಲ.

ಇಕ್ಕೇರಿಯಿಂದ ಘಟ್ಟ ಇಳಿದು ಬಸರೂರಿನ ಮೇಲೆ ಮಂಗಳೂರಿಗೆ ಬಂದ. ಆಗ ತುಳುನಾಡಿನ ರಾಜಕೀಯ ಕೆಂಡವಾಗಿತ್ತು. ಬೆಳ್ತಂಗಡಿಯ ಬಂಗಾಡಿ, ಬಂಟ್ವಾಳದ ನಂದಾವರಗಳಲ್ಲಿ ನೆಲೆಯಿದ್ದ ಬಂಗರಸರಿಗೂ ಉಳ್ಳಾಲದ ಚೌಟರಾಣಿ ಅಬ್ಬಕ್ಕನಿಗೂ ಹಗೆ. ಪೋರ್ಚುಗೀಸರು ಬಂಗರ ಬೆನ್ನಿಗೆ, ಇಕ್ಕೇರಿಯವರು ಅಬ್ಬಕ್ಕನ ಬೆನ್ನಿಗೆ. ಅಂಥ ಹೊತ್ತಿನಲ್ಲಿ ಈ ಇಟಲಿಯವನು ಒಬ್ಬ ದುಭಾಷಿಯನ್ನು ಕಟ್ಟಿಕೊಂಡು ಅಬ್ಬಕ್ಕನನ್ನು ನೋಡಲೇಬೇಕೆಂದು ಮಣೇಲಿಗೆ, ಅಂದರೆ ಪೊಳಲಿಯ ಆಚೆಗಿನ ಇಂದಿನ ಮಳಲಿಯ ಕಡೆಗೆ, ಹೊರಟ.

ಅರಮನೆಗೆ ಹೋಗುವ ಮೊದಲೇ ರಾಣಿ ದಾರಿಯಲ್ಲಿ ಎದುರಾದಳು. ಬರಿಗಾಲು, ಸೊಂಟಕ್ಕೆ ಸುತ್ತಿದ ಸಾದಾ ಬಟ್ಟೆ. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಿ ಬರುತ್ತಿದ್ದಳು. ಉಡುಪು ನೋಡಿ ಅಡುಗೆಯವಳೆಂದುಕೊಳ್ಳಬಹುದು, ಬಾಯಿಬಿಟ್ಟರೆ ರಾಣಿಯೆಂದು ತಿಳಿಯುತ್ತದೆ ಎಂಬ ಅರ್ಥದಲ್ಲಿ ಅವನು ಬರೆದ. ಮೊದಲರ್ಧದಲ್ಲಿ ಯುರೋಪಿನ ಕಣ್ಣಿನ ಪೊರೆಯಿದೆ. ಗದ್ದೆಯ ಬದುವಿನ ಮೇಲೆ ನಡೆಯುವ ರಾಣಿಯನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

ಈ ಕಾಡಿನ ನಾಡಿಗೆ ಯಾಕೆ ಬಂದೆ ಎಂದು ಅಬ್ಬಕ್ಕ ಕೇಳಿದಳು. ಬಳಿಕ ಇನ್ನೂ ಆಳದ ಪ್ರಶ್ನೆ: ಹುಟ್ಟಿದ ನಾಡು ಬಿಟ್ಟು ಹೀಗೆ ಅಲೆಯುವುದು ಪ್ರೇಮದ ದುಃಖದಿಂದಲೋ, ಪ್ರೀತಿಪಾತ್ರರು ಯಾರಾದರೂ ಸತ್ತದ್ದರಿಂದಲೋ? ಎರಡೂ ನಿಜವಾಗಿತ್ತು. ಅವನು ಎರಡನ್ನೂ ಮರೆಮಾಚಿ, ನಾಡುಗಳನ್ನೂ ಜನರನ್ನೂ ನೋಡುವ ಆಸೆಯಿಂದ ಬಂದೆ ಎಂದಷ್ಟೇ ಹೇಳಿದ. ಆ ಪ್ರಶ್ನೆಯನ್ನೂ ಈ ಉತ್ತರವನ್ನೂ ನಡುವೆ ನಿಂತು ದಾಟಿಸಿದ ದುಭಾಷಿಗೆ ಏನನ್ನಿಸಿತೋ! ಅಪರಿಚಿತನ ಮುಖ ನೋಡಿದೊಡನೆ ಅಬ್ಬಕ್ಕ ಎಲ್ಲಿಗೆ ಕೈಯಿಟ್ಟಳು ನೋಡಿ. ಯುದ್ಧದಲ್ಲಿ ಆಕೆಯ ಶೌರ್ಯವನ್ನು ನಾವು ಹಾಡಿ ಹೊಗಳುತ್ತೇವೆ. ಈ ಒಂದು ಪ್ರಶ್ನೆಗೂ ಅಷ್ಟೇ ಗೌರವ ಸಲ್ಲಬೇಕೆಂದು ನನ್ನ ಭಾವನೆ.

ಅನಂತರ ರಾಣಿಯ ಮಗ ಊಟಕ್ಕೆ ಕೂರಿಸಿದ. ಎಲೆಯ ಮೇಲೆ ಅನ್ನ, ಬೆಣ್ಣೆ, ಮೊಸರು. ನಿಮ್ಮ ಕ್ರಮದಲ್ಲಿಯೇ ಉಣ್ಣಿ ಎಂದು ಒತ್ತಾಯ. ಅವನು ತನ್ನ ಚಮಚ, ಮುಳ್ಳುಚಮಚ ತರಿಸಿ ತಿನ್ನತೊಡಗಿದಾಗ ನೋಡುತ್ತಿದ್ದವರೆಲ್ಲ ಬೆರಗಾಗಿ ದೇವರೇ ದೇವರೇ ಎಂದರಂತೆ. ಇಷ್ಟೇ ಉಂಡರೆ ಹೇಗೆ ಎಂಬ ಉಪಚಾರ ಬೇರೆ. ಅದು ಈಗಲೂ ನಮ್ಮ ಕಡೆ ಇದ್ದದ್ದೇ.

ಮಾನಿಯ ಪೆಟ್ಟಿಗೆ ಬಸ್ರಾದ ಮರುಭೂಮಿಯನ್ನು ದಾಟಿ 1626ರಲ್ಲಿ ರೋಮಿಗೆ ತಲುಪಿತು. ಪಿಯೆತ್ರೊನ ಮನೆತನದ ಸಮಾಧಿಯಲ್ಲಿ ಆಕೆಯನ್ನಿಟ್ಟರು. ಮುಂದೆ ಅವನು ಮದುವೆಯಾದದ್ದು ಅಷ್ಟು ದೂರ ಜೊತೆಗೆ ಬಂದ ತಿನಾತಿನ್‌ಳನ್ನು. ಭಾರತದಿಂದ ಅವನು ಗೆಳೆಯನಿಗೆ ಬರೆದ ಪತ್ರಗಳು ಅವನು ತೀರಿಕೊಂಡ ಮೇಲೆ 1663ರಲ್ಲಿ ಅಚ್ಚಾದವು.

ಅಬ್ಬಕ್ಕನ ಮನೆತನದ ಚೌಟರು ಮುಂದೆ ನೆಲೆಯಾಗಿಸಿಕೊಂಡ ಮೂಡುಬಿದಿರೆಯ ಅರಮನೆ ಇನ್ನೂ ಇದೆ. ಮರದ ಕಂಬಗಳ ಕೆತ್ತನೆಗಾದರೂ ಹೋಗಿ ನೋಡಬೇಕು. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ, ಹಳೆಯ ಬಾಳಿನ ವಸ್ತುಗಳನ್ನು ಅಲ್ಲಿ ಪ್ರೀತಿಯಿಂದ ಕೂಡಿಟ್ಟಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿ, ಕೊಲಂಬೊಕ್ಕೋ ಬರ್ಮಾಕ್ಕೋ ಹೋಗಿ ಬಂದ ಅಜ್ಜನ ಪೆಟ್ಟಿಗೆಯಲ್ಲಿ ಕಾಗದಗಳೇನಾದರೂ ಇದ್ದರೆ ಗೆದ್ದಲಿಗೆ ಬಿಡಬೇಡಿ. ಓದಬಲ್ಲವರಿಗೆ ತೋರಿಸಿ, ಅಜ್ಜನ ಜೊತೆಗೆ ಯಾರು ಯಾರು ಹೋಗಿದ್ದರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.