ಅಪ್ಪಣೆಯಿಲ್ಲದ ಹಾಡು

ಹರೆಯದವರು ಮೆಚ್ಚುವ ಹಾಡು ಹಿರಿಯರ ಕಿವಿಗೆ ಹಿಡಿಸದಿರುವುದು ಯಾವ ದೇಶಕ್ಕೂ ಹೊಸದಲ್ಲ. ಮನೆಯಲ್ಲಾದರೆ ಈ ಜಗಳ ರೇಡಿಯೋದ ಗುಂಡಿ ತಿರುಗಿಸುವುದರಲ್ಲಿ ಮುಗಿದುಹೋಗುತ್ತದೆ. ಆದರೆ ಸರಕಾರವೇ ಮುನಿದ ತಂದೆಯ ಸ್ಥಾನದಲ್ಲಿ ಕುಳಿತುಬಿಟ್ಟರೆ? ಆಗ ಏನಾಗುವುದೆಂಬುದಕ್ಕೆ ಚೆಕೊಸ್ಲೊವಾಕಿಯದ ಒಂದು ವಾದ್ಯಗೋಷ್ಠಿಯ ಕಥೆ ನಿದರ್ಶನವಾಗಿದೆ.

1968ರ ಆಗಸ್ಟ್ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ಮತ್ತು ಅದರ ಮಿತ್ರರಾಷ್ಟ್ರಗಳ ಸೈನ್ಯ ಆ ದೇಶವನ್ನು ಹೊಕ್ಕಿತು. ಅಲ್ಲಿ ಆಗತಾನೆ ಚಿಗುರುತ್ತಿದ್ದ ಸ್ವಾತಂತ್ರ್ಯ ಬಾಡಿತು. ಅದೇ ವರ್ಷ ಪ್ರಾಗ್ ನಗರದ ಕೆಲವು ತರುಣರು ಸೇರಿ ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ರಾಕ್ ಗೋಷ್ಠಿಯನ್ನು ಕಟ್ಟಿದರು. ಉದ್ದ ಕೂದಲು, ಒರಟು ಮಾತು, ನಮ್ಮಂಥವರ ಕಿವಿಗೆ ಕರ್ಕಶವೆನಿಸುವ ನಾದ. ರಾಜಕೀಯದ ಗೊಡವೆ ಅವರಿಗೆ ಬೇಕಿರಲಿಲ್ಲ; ತಮಗೆ ತೋಚಿದಂತೆ ನುಡಿಸಬೇಕೆಂಬುದಷ್ಟೇ ಅವರ ಹಂಬಲ.

ಅಲ್ಲಿ ಸಂಗೀತವನ್ನೇ ವೃತ್ತಿಯಾಗಿ ನಂಬಿದವರಿಗೆ ಸರಕಾರದ ಪರವಾನಗಿ ಬೇಕಾಗಿತ್ತು. 1970ರಲ್ಲಿ ಇವರ ಪರವಾನಗಿ ರದ್ದಾಯಿತು. ಅದರೊಡನೆ ಸರಕಾರ ಕೊಟ್ಟಿದ್ದ ವಾದ್ಯಗಳೂ ಹೋದವು. ಹುಡುಗರು ಬಿಡಲಿಲ್ಲ. ಹಳೆಯ ಟ್ರಾನ್ಸಿಸ್ಟರುಗಳನ್ನು ಬಿಚ್ಚಿ ಧ್ವನಿವರ್ಧಕ ಮಾಡಿಕೊಂಡರು. ದೂರದ ಹಳ್ಳಿಗಳಲ್ಲಿ, ಮದುವೆಯ ಸಮಾರಂಭಗಳಲ್ಲಿ ಕಛೇರಿ ನಡೆಸಿದರು. ಕಛೇರಿಯ ಸುದ್ದಿ ಬಾಯಿಂದ ಬಾಯಿಗೆ ಗುಟ್ಟಾಗಿ ಹೋಗುತ್ತಿತ್ತು. 1974ರಲ್ಲಿ ಒಂದು ಕಡೆ ಕೇಳಲು ಬಂದವರನ್ನು ಪೊಲೀಸರು ಲಾಠಿಯಿಂದ ಹೊಡೆದು ಚದುರಿಸಿದರು. ಕೆಲವು ವಿದ್ಯಾರ್ಥಿಗಳನ್ನು ಶಾಲೆಯಿಂದಲೇ ಹೊರಹಾಕಲಾಯಿತು. ಉಪಾಧ್ಯಾಯನಾದ ನನಗೆ ಲಾಠಿಯೇಟಿಗಿಂತ ಈ ಶಿಕ್ಷೆಯೇ ಕ್ರೂರವೆಂದು ತೋರುತ್ತದೆ.

1976ರ ಮಾರ್ಚ್‌ನಲ್ಲಿ ಗೋಷ್ಠಿಯವರನ್ನೂ ಅವರ ಗೆಳೆಯರನ್ನೂ ಬಂಧಿಸಿದರು. ಶಾಂತಿಭಂಗದ ಆಪಾದನೆಯ ಮೇಲೆ ಸೆಪ್ಟೆಂಬರ್‌ನಲ್ಲಿ ನಾಲ್ವರಿಗೆ 8ರಿಂದ 18 ತಿಂಗಳವರೆಗೆ ಸೆರೆವಾಸ ವಿಧಿಸಲಾಯಿತು.

ಆಗ ಅವರ ಪರವಾಗಿ ನಿಂತವರು ಯಾರು? ನಾಟಕಕಾರ ವಾಟ್ಸ್ಲಾವ್ ಹಾವೆಲ್ ಒಬ್ಬರು. ಮತ್ತೊಬ್ಬರು 1907ರಲ್ಲಿ ಹುಟ್ಟಿದ ವೃದ್ಧ ತತ್ತ್ವಜ್ಞಾನಿ ಯಾನ್ ಪಾಟೊಚ್ಕ. ಪ್ಲೇಟೋ ಮತ್ತು ಕಾಮೇನಿಯಸರ ವಿಚಾರಗಳನ್ನು ಆಳವಾಗಿ ವ್ಯಾಸಂಗ ಮಾಡಿದವರು. ಇಂದು ಈ ಹುಡುಗರ ಹಾಡನ್ನು ಕಟ್ಟಿಹಾಕಿದ ಕೈ ನಾಳೆ ಎಲ್ಲರ ನಾಲಗೆಯನ್ನೂ ಕಟ್ಟೀತೆಂದು ಅವರು ಕಂಡುಕೊಂಡರು. ಅದರ ಫಲವಾಗಿ 1977ರ ಜನವರಿಯಲ್ಲಿ ‘ಚಾರ್ಟರ್ 77’ ಎಂಬ ಮನವಿ ಹೊರಬಿತ್ತು. ಸರಕಾರ ತಾನೇ ಒಪ್ಪಿ ರುಜು ಹಾಕಿದ್ದ ಮಾನವ ಹಕ್ಕುಗಳನ್ನು ನಡೆಸಿಕೊಡಲಿ ಎಂಬುದೇ ಅದರ ಬೇಡಿಕೆ. ಪಾಟೊಚ್ಕ ಅದರ ವಕ್ತಾರರಲ್ಲೊಬ್ಬರಾದರು. ದೀರ್ಘ ಪೊಲೀಸ್ ವಿಚಾರಣೆಗಳಿಂದ ಬಳಲಿ, ಅದೇ ಮಾರ್ಚ್ 13ರಂದು ತೀರಿಕೊಂಡರು. ಹಾವೆಲ್ ಸೆರೆವಾಸವನ್ನು ಕಂಡರು. 1989ರ ಡಿಸೆಂಬರಿನಲ್ಲಿ ದೇಶದ ಅಧ್ಯಕ್ಷರೂ ಆದರು.

ಈ ಗೋಷ್ಠಿಯ ಸಂಗೀತ ಉತ್ತಮವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ‘ಇದು ನನಗೆ ಹಿಡಿಸದು’ ಎನ್ನುವ ಅಧಿಕಾರ ಪ್ರತಿಯೊಬ್ಬ ಶ್ರೋತೃವಿಗೂ ಇದೆ. ‘ಇದು ಇರಲೇಕೂಡದು’ ಎನ್ನುವುದು ಬೇರೆಯೇ ಮಾತು. ಮೊದಲನೆಯದು ಅಭಿರುಚಿ, ಎರಡನೆಯದು ದರ್ಪ. ಇವೆರಡರ ಅಂತರವನ್ನು ಆ ವೃದ್ಧ ತತ್ತ್ವಜ್ಞಾನಿ ಬಲ್ಲವರಾಗಿದ್ದರು. ಮನೆಯಲ್ಲಿ ಬೆಳೆದ ಮಕ್ಕಳಿರುವ ನಾವೂ ಅದನ್ನು ಅರಿತಿದ್ದರೆ ಒಳ್ಳೆಯದು.