ಕುರ್ಚಿಯಲ್ಲಿ ಕೂತವರ ಮೇಲೆ ಕೇಸು
(ಬನಶಂಕರಿಯ ವಿದ್ಯಾರ್ಥಿನಿಲಯವೊಂದರ ಅಭ್ಯಾಸ ಕೂಟದಲ್ಲಿ ಆಡಿದ ಮಾತು)



ಹೋದ ವಾರ ನಿಮ್ಮಲ್ಲೊಬ್ಬ ಕೇಳಿದ: "ಅಣ್ಣಾ, ಅಮೆರಿಕದಲ್ಲಿ ಅಧಿಕಾರದಲ್ಲಿರೋ ಅಧ್ಯಕ್ಷನ ಮೇಲೆ ಕ್ರಿಮಿನಲ್ ಕೇಸು ಹಾಕೋ ಹಾಗಿಲ್ವಂತೆ. ನಮ್ಮಲ್ಲಿ ಹೇಗೆ?"

ಅಲ್ಲಿನ ಸಂವಿಧಾನದಲ್ಲಿ ಹಾಗಂತ ಬರೆದಿಲ್ಲ. 1973ರಲ್ಲಿ, ನಿಕ್ಸನ್ ಕಾಲದಲ್ಲಿ, ಅವರ ನ್ಯಾಯ ಇಲಾಖೆ ಒಂದು ಟಿಪ್ಪಣಿ ಬರೆದುಕೊಂಡಿತು. 2000ದಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಅಧ್ಯಕ್ಷನ ಕೈಕೆಳಗಿನ ಇಲಾಖೆಯೇ ಅಧ್ಯಕ್ಷನಿಗೆ ಕೊಟ್ಟ ಅಭಯ, ನೋಡಿ!

ನಮ್ಮಲ್ಲಿ ಬರೆದೇ ಇದೆ. 361ನೇ ವಿಧಿ. ರಾಷ್ಟ್ರಪತಿ, ರಾಜ್ಯಪಾಲರು ಅಧಿಕಾರದಲ್ಲಿರೋವರೆಗೆ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ, ಬಂಧಿಸುವಂತಿಲ್ಲ. ಅವಧಿ ಮುಗಿದ ಮೇಲೆ ಹೂಡಬಹುದು. ಅವಧಿಗಷ್ಟೇ ಇರೋ ಈ ರಕ್ಷಣೆ ನನಗೇನೂ ತಪ್ಪು ಅನಿಸೋಲ್ಲ.

ಆದರೆ ನಾಡಿನಲ್ಲಿ ನಿಜವಾದ ಅಧಿಕಾರ ಇರೋದು ಮುಖ್ಯಮಂತ್ರಿ ಕುರ್ಚಿಯಲ್ಲಿ. ಆ ಕುರ್ಚಿಗೆ 361 ಇಲ್ಲ. ಅಲ್ಲಿ ಇರೋದು 'ಅನುಮತಿ' ಅನ್ನೋ ಬಾಗಿಲು, ಬೀಗದಕೈ ರಾಜ್ಯಪಾಲರ ಹತ್ತಿರ. 2011ರ ಜನವರಿಯಲ್ಲಿ ರಾಜ್ಯಪಾಲ ಭಾರದ್ವಾಜ್ ಮುಖ್ಯಮಂತ್ರಿ ಯಡಿಯೂರಪ್ಪನವರ ಮೇಲೆ ಮೊಕದ್ದಮೆಗೆ ಅನುಮತಿ ಕೊಟ್ಟರು. ಅವರು ಕುರ್ಚಿ ಬಿಟ್ಟಿದ್ದು ಜುಲೈ 31ಕ್ಕೆ, ಲೋಕಾಯುಕ್ತರ ಗಣಿ ವರದಿ ಬಂದ ಮೇಲೆ. ಜೈಲಿಗೆ ಹೋಗಿದ್ದು ಅಕ್ಟೋಬರಿನಲ್ಲಿ. 2024ರ ಆಗಸ್ಟಿನಲ್ಲಿ ರಾಜ್ಯಪಾಲ ಗೆಹಲೋತ್ ಮುಡಾ ನಿವೇಶನದ ವಿಷಯದಲ್ಲಿ ಸಿದ್ದರಾಮಯ್ಯನವರ ತನಿಖೆಗೆ ಅನುಮತಿ ಕೊಟ್ಟರು, ಹೈಕೋರ್ಟು ಎತ್ತಿಹಿಡಿಯಿತು. ನವೆಂಬರಿನಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಮೈಸೂರಿನ ಲೋಕಾಯುಕ್ತ ಪೊಲೀಸರು ಅವರನ್ನು ವಿಚಾರಿಸಿದರು. 2025ರಲ್ಲಿ ಸಾಕ್ಷ್ಯ ಇಲ್ಲ ಅಂತ ವರದಿ ಕೊಟ್ಟರು. ಸರಿಯೋ ತಪ್ಪೋ, ಆಳುವವರನ್ನು ವಿಚಾರಿಸಿದ್ದು ಅದೇ ರಾಜ್ಯದ ಪೊಲೀಸು.

ಇನ್ನೊಂದು ಕೇಸು ನಮಗೆ ಹತ್ತಿರದ್ದು. ಇಲ್ಲಿಂದ ಬಿಟಿಎಂ ಲೇಔಟ್ ದಾಟಿ, ಸಿಲ್ಕ್ ಬೋರ್ಡ್ ಹಾದು ಹೊಸೂರು ರಸ್ತೆ ಹಿಡಿದರೆ ಪರಪ್ಪನ ಅಗ್ರಹಾರ. 2014ರ ಸೆಪ್ಟೆಂಬರ್ 27ರಂದು ಅಲ್ಲಿ ಕೋರ್ಟು ಕೂತು, ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರಿಗೆ 4 ವರ್ಷ ಜೈಲು, 100 ಕೋಟಿ ದಂಡ ಅಂದಿತು. ಕುರ್ಚಿಯಲ್ಲಿದ್ದವರು ಹಾಗೇ ಜೈಲೊಳಗೆ. ಆ ಕೇಸು ಬೆಂಗಳೂರಿಗೆ ಬಂದಿದ್ದು ಯಾಕೆ ಗೊತ್ತಾ? 2001ರಲ್ಲಿ ಅವರಿಗೆ ಮತ್ತೆ ಅಧಿಕಾರ ಬಂತು. ಆಮೇಲೆ ಚೆನ್ನೈನಲ್ಲಿ 76 ಸಾಕ್ಷಿಗಳನ್ನು ಮರಳಿ ಕರೆಸಿದರೆ 64 ಮಂದಿ ಮಾತು ತಿರುಗಿಸಿದರು. 2003ರಲ್ಲಿ ಸುಪ್ರೀಂ ಕೋರ್ಟು ಕೇಸನ್ನೇ ರಾಜ್ಯದಿಂದ ಆಚೆ ಕಳಿಸಿತು. 2015ರಲ್ಲಿ ನಮ್ಮ ಹೈಕೋರ್ಟು ಬಿಡುಗಡೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ರದ್ದು ಮಾಡೋ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಆ 64 ಮಂದಿಯನ್ನು ನೀವು ನೋಡಿದ್ದೀರಿ. ಊರ ಗೌಡನ ಗದ್ದೆಯಲ್ಲಿ ಕೂಲಿ ಮಾಡೋ ನಮ್ಮವನು ಆ ಗೌಡನ ಎದುರು ಕಟಕಟೆಯಲ್ಲಿ ಏನು ಹೇಳಿಯಾನು? ನಮ್ಮ ಕೇರಿಯ ಕೇಸನ್ನು ಬೇರೆ ರಾಜ್ಯಕ್ಕೆ ಯಾರು ಕಳಿಸ್ತಾರೆ ಸ್ವಾಮಿ?

ಈ 'ಅನುಮತಿ'ಯೂ ನಮಗೆ ಹೊಸದಲ್ಲ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯ್ದೆಯಡಿ ಸರ್ಕಾರಿ ನೌಕರನನ್ನು ಬಂಧಿಸೋಕೆ ಅವನನ್ನು ನೇಮಿಸಿದವರ ಒಪ್ಪಿಗೆ ಬೇಕು ಅಂದಿತು. ಏಪ್ರಿಲ್ 2ರಂದು ನಮ್ಮ ಜನ ಭಾರತ ಬಂದ್ ಮಾಡಿದರು, ಪ್ರಾಣವನ್ನೂ ತೆತ್ತರು. ಆಗಸ್ಟಿನಲ್ಲಿ ಪಾರ್ಲಿಮೆಂಟು 18ಎ ಸೇರಿಸಿ ಆ ಒಪ್ಪಿಗೆಯನ್ನು ಕಿತ್ತುಹಾಕಿತು. ತಮಾಷೆ ಕೇಳಿ: ಅದೇ ಪಾರ್ಲಿಮೆಂಟು ಅದಕ್ಕೆ ಮುಂಚೆ, ಜುಲೈಯಲ್ಲಿ, ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಸೇರಿಸಿತ್ತು. ಅಧಿಕಾರದಲ್ಲಿದ್ದವರು ಮಾಡಿದ ತೀರ್ಮಾನದ ತನಿಖೆ ಶುರುಮಾಡೋಕೇ ಮುಂಗಡ ಅನುಮತಿ! ಮೈಸೂರಿನ ಕೇಸಿನಲ್ಲಿ ಬೇಕಾಗಿದ್ದು ಇದೇ 17ಎ. ನಮ್ಮ ಹಾಸ್ಟೆಲ್ ಹುಡುಗನ ಮೇಲೆ ಕಳ್ಳತನದ ಅನುಮಾನ ಬಂದರೆ ಪೊಲೀಸು ಯಾರ ಅನುಮತಿ ಕೇಳಿದ್ದನ್ನೂ ನಾನು ಕಂಡಿಲ್ಲ.

ಬರೋ ಭಾನುವಾರ ಸಂವಿಧಾನದ ಪ್ರತಿ ತನ್ನಿ. 14 ಮತ್ತು 361 ಎರಡನ್ನೂ ಒಟ್ಟಿಗೆ ಓದೋಣ. ಪ್ರಶ್ನೆ ಕೇಳಿದ ಹುಡುಗನೇ ಮೊದಲು ಓದಲಿ.